ಬಳಪ ಮಸೆದ ಕಂಬ

ಕಿಕ್ಕೇರಿಯಲ್ಲಿ ಬಸ್ಸು ಪಂಕ್ಚರ್ ಆಯಿತು. ಕೆ.ಆರ್. ಪೇಟೆಯನ್ನು ಸಂಜೆಯೊಳಗೆ ಸೇರಿದರಾಯಿತು ಎಂದುಕೊಂಡು ಎಸ್‌ಟಿಡಿ ಬೂತಿನ ಪಕ್ಕದ ಹಳೆಯ ಸರ್ಕಾರಿ ಶಾಲೆಗೆ ನುಗ್ಗಿದೆ. ಹೆಂಚಿನ ಮಾಡು, ಮೊಳ ದಪ್ಪದ ಗೋಡೆ, ಉದ್ದನೆಯ ಜಗಲಿಗೆ ಕಲ್ಲಿನ ಕಂಬಗಳು. ಆ ಕಂಬಗಳಿಗೆ ಸಿಮೆಂಟು ಮೆತ್ತುತ್ತಿದ್ದರು. ಇಷ್ಟು ಚೆಂದದ ಕಲ್ಲಿಗೆ ಸಿಮೆಂಟೇಕೆ ಎಂದು ನನಗೆ ಸಿಟ್ಟೇ ಬಂತು.

ಗಾರೆ ಕಲಸುತ್ತಿದ್ದ ನಿಂಗಮ್ಮ ಬಾಗಿಲ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದರು. "ಇದುಕ್ಕೆ ಬ್ಯಾಡ ಕಣ್ಲಾ ಜವರ. ನಾವು ಬಳಪ ಮಸ್ದಿರೋ ಜಾಗ."

"ಎಡ್ಮಾಸ್ಟ್ರು ಎಲ್ಲಾ ಕಂಬಕ್ಕೂ ಮೆತ್ತು ಅಂದವ್ರೆ ಕಣಕ್ಕ," ಎಂದ ಗಾರೆ ಕೆಲಸದ ಜವರ.

ನಿಂಗಮ್ಮ ತುಸು ಸರಿದು ನನಗೆ ತೋರಿಸಿದರು. ಮಕ್ಕಳ ಎದೆಯೆತ್ತರದಲ್ಲಿ ಅಂಗೈಯಷ್ಟು ನುಣುಪಾದ ಗುಳಿ. ಎಷ್ಟೋ ತಲೆಮಾರಿನ ಮಕ್ಕಳು ಸ್ಲೇಟಿನ ಬಳಪ ಉಜ್ಜಿ ಉಜ್ಜಿ ಕಲ್ಲೇ ಸವೆದಿತ್ತು.

ಅಷ್ಟರಲ್ಲಿ, ಊರಿಗೆ ಹೊಸಬರಾದ ಹೆಡ್‌ಮಾಸ್ಟರೇ ಬಂದರು. ನಿಂಗಮ್ಮ ಒಂದನೇ ತರಗತಿಯಿಂದ ಮೊಂಡು ಬಳಪವೊಂದನ್ನು ತಂದು ಅವರ ಕೈಗಿಟ್ಟರು. ಅವರು ಅನುಮಾನದಿಂದಲೇ ಗುಳಿಯಲ್ಲಿ ಉಜ್ಜಿದರು. ಮೊನೆ ಬಂತು. ಇನ್ನಷ್ಟು ಉಜ್ಜಿ ನಕ್ಕರು. ಅದೇ ಬಳಪದಿಂದ ಗುಳಿಯ ಸುತ್ತ ಗೆರೆ ಎಳೆದು, "ಇಷ್ಟನ್ನ ಬಿಟ್ಟು ಮೆತ್ತಪ್ಪ," ಎಂದರು.

"ಆಯ್ತು ಸಾ," ಎಂದ ಜವರ, ತಲೆಯೆತ್ತದೆ.

ನಿಂಗಮ್ಮ ಜಗಲಿಯ ತುದಿಯ ಕಂಬದ ಕಡೆ ಕೈ ತೋರಿಸಿದರು. ಜವರ ಬೆಳಿಗ್ಗೆಯೇ ಮೆತ್ತಿ ಮುಗಿಸಿದ್ದ ಆ ಕಂಬದ ನಡುವೆ ಅಂಗೈಯಷ್ಟು ಕಲ್ಲು ಬರಿದಾಗಿಯೇ ಇತ್ತು; ಅಲ್ಲೂ ಅಂಥದೇ ನುಣುಪಾದ ಗುಳಿ.

"ನಿಂದ್ನ ಮಾತ್ರ ಆಗ್ಲೇ ಬುಟ್ಕಂಡಿದ್ದೀಯಲ್ಲಲಾ."