ಗಾಯರಾಣದ ಚರಗ

ಬಾಯಾರ ಕೈಬಳೆಗೆ ಸದಾ ಸೇಫ್ಟಿ ಪಿನ್ನುಗಳ ಗೊಂಚಲು ತೂಗುತ್ತಿತ್ತು. ಸೆರಗಿಗಲ್ಲ, ಮುಳ್ಳಿಗೆ. ಜಾಲಿಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ಹೊಕ್ಕರೆ ಸಿಂದಗಿ ಬಸ್ಸಿನಲ್ಲೇ ಕಾಲು ಮಡಚಿ ಕೂತು ಕೀಳುತ್ತಿದ್ದರು. ಪಕ್ಕದವರು ಮುಖ ಸಿಂಡರಿಸಿದರೆ, "ನಿಮ್ದೂ ಏನರ ಇದ್ರ ಹೇಳ್ರಿ, ತಗದ ಬಿಡ್ತೇನಿ" ಎನ್ನುವರು.

ಸಾಲಿ ಕಲಿಸಿ ನಿವೃತ್ತರಾದವರು, ಹಾಗಾಗಿ ಎಲ್ಲರಿಗೂ ಬಾಯಾರು. ವಿಜಾಪುರದ ವ್ಯಾಪಾರಸ್ಥರ ಮನೆತನದ ಒಂದು ಟ್ರಸ್ಟು ಕೆರೆ, ಗಿಡಮರ, ದನ ಮೇಯುವ ಗಾಯರಾಣ ಉಳಿಸಲು ಹಳ್ಳಿಗಳಿಗೆ ಹಣ ಕೊಡುತ್ತಿತ್ತು. ಬಾಯಾರು ಅದರ ಕಾರ್ಯದರ್ಶಿ. ತೊಂಬತ್ತರ ದಶಕದ ಕೊನೆಗೆ, ಬಾಗೇವಾಡಿಯಲ್ಲಿ ಕಾಲೇಜು ಮುಗಿಸಿದ ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ನನ್ನನ್ನು ಓದಿಸಿದ್ದು ಅವ್ವನ ಆಡುಗಳು. ಅವುಗಳನ್ನು ಸಾಕಿದ್ದು ಇಂಗಳೇಶ್ವರದಾಚೆ ನಮ್ಮೂರಿನ ಗಾಯರಾಣ. ನಮಗೆ ಅಂಗೈಯಗಲ ಹೊಲವೂ ಇರಲಿಲ್ಲ.

ಆ ಗಾಯರಾಣಕ್ಕೆ ವರ್ಷಾ ವರ್ಷಾ ಊರಗೌಡರ ನೇಗಿಲು ಒಂದೊಂದು ಸಾಲು ಒಳಗೆ ಬರುತ್ತಿತ್ತು. ಟ್ರಸ್ಟು ನೆಡಿಸಿದ ಸಸಿಗಳೂ ಅದೇ ನೇಗಿಲಿಗೆ ಹೋದವು. ಹೀಗೇ ನಡೆದರೆ ಆಡು ಮಾರಬೇಕಿತ್ತು, ಅವ್ವ ಕಂಡವರ ಹೊಲಕ್ಕೆ ಕೂಲಿಗೆ ಹೋಗಬೇಕಿತ್ತು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಟ್ರಸ್ಟಿನ ಹಿರಿಯರು ತಣ್ಣಗೆ, "ಕೊಡೂದು ನಮ್ಮ ಧರ್ಮ, ಜಗಳ ನಮ್ಮದಲ್ಲ. ಬ್ಯಾರೆ ಊರಿಗೆ ಕೊಟ್ರಾತು" ಎಂದರು.

ಬಾಯಾರು ಸುಮ್ಮನಿರುವವರೇ? "ಮದವ್ಯಾಗ ಸೀರಿ-ಕುಬಸ ಆಯೇರಿ ಮಾಡಿ, ಉಂಡು, ಮನಿಗೆ ಹೋಗಾಕ ನಾವೇನ್ ಬೀಗರೇನ್ರಿ? ರೊಕ್ಕ ಕೊಟ್ಟೋರು ಮುಂದ ನಿಂದ್ರಬೇಕ್ರಿ!"

ಹಿರಿಯರು ನಕ್ಕು, "ನಿಂದರ್ರಿ ಹಂಗಾದ್ರ, ನೋಡೂಣು" ಎಂದರು. ಬಾಯಾರು ಮರುದಿನವೇ ನಮ್ಮ ಮನೆಯ ಕಟ್ಟೆಗೆ ಬಂದು ಕೂತರು.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜಿ ಕಡಬು, ಶೇಂಗಾ ಹೋಳಿಗೆ ಉಣ್ಣುವ ಮೊದಲು ಬೆಳೆಯೊಳಗೆ ಒಂದಿಷ್ಟು ಚೆಲ್ಲುತ್ತಾರೆ, ಅದು ಚರಗ, ಭೂಮಿತಾಯಿಯ ಊಟ. ಅವರವರ ಹೊಲ, ಅವರವರ ಚರಗ. ನಮ್ಮಂಥವರು ಕರೆದವರ ಹೊಲದಲ್ಲಿ ಉಂಡು ಬರುವುದು.

"ಈ ಸಲ ಗಾಯರಾಣದಾಗ ನೀನ ಚರಗ ಚೆಲ್ಲವಾ" ಎಂದರು ಬಾಯಾರು ಅವ್ವನಿಗೆ.

"ಅಯ್ಯ, ಹೊಲ ಇಲ್ಲದಾಕಿ ನಾ! ಮಂದಿ ನಗತಾರ್ರಿ."

"ಗಾಯರಾಣ ಯಾರದು?"

"ಊರಂದ್ರಿ."

"ಮತ್ತ ನೀ ಯಾವ ಊರಾಕಿ?"

ಅವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಅವತ್ತೇ ಓಣಿಯ ಮನೆಮನೆಗೂ ಹೇಳಿ ಬಂದಳು.

ಹಬ್ಬದ ದಿನ ಇಡೀ ಓಣಿ ಬುತ್ತಿ ಹೊತ್ತು ಗಾಯರಾಣದ ಹಳೆಯ ಎಲ್ಲೆ ಹಿಡಿದು ನಡೆಯಿತು. ಒಂದು ಕಡೆ ಎಲ್ಲರೂ ಗಕ್ಕನೆ ನಿಂತರು. ಗಡಿಯ ಬಾಂದಗಲ್ಲು ಗೌಡರ ತೆನೆ ಬಿಟ್ಟ ಜೋಳದ ನಡುವೆ ಇತ್ತು. ಬದುವಿನ ಮೇಲೆ ಗೌಡರ ಮನೆಯವರು ಊಟಕ್ಕೆ ಕೂತಿದ್ದರು. ಬಾಯಾರು ಜೋಳದ ದಂಟು ಸರಿಸುತ್ತ ಮುಂದೆ ಹೋದರು, ಅವರ ಹಿಂದೆ ಅವ್ವ.

ಗೌಡರು ದಡಕ್ಕನೆ ಎದ್ದರು. "ಯಾರ ಹೊಲದಾಗ ಯಾರ ಚರಗ ಇದು?"

"ಈ ಕಲ್ಲ ನಿಮ್ಮ ಮುತ್ಯಾನ ಕಾಲದ್ದು ಗೌಡ್ರ. ಬೇಕಾದ್ರ ನಿಮ್ಮ ತಾಯೇರನ್ನ ಕೇಳ್ರಿ" ಎಂದರು ಬಾಯಾರು.

ಗೌಡರ ತಾಯಿ ಕೂತಲ್ಲಿಂದಲೇ ಗದರಿದರು: "ಹೌದು, ಕಲ್ಲ ಅದ ಐತಿ. ಚರಗಕ್ಕ ಬ್ಯಾಡಂದ ಮನಿ ಎಲ್ಲಿ ಉದ್ಧಾರ ಆಗೇತೋ? ಕುಂದ್ರ ಸುಮ್ಮ!"

ಗೌಡರು ಕೂತರು. ಅವ್ವ ಕಲ್ಲಿನ ಬುಡಕ್ಕೆ ಚರಗ ಚೆಲ್ಲಿ "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿದಳು. ಓಣಿಗೆ ಓಣಿಯೇ "ಸಲಾಂಬ್ರಿಗೋ!" ಎಂದು ಓಗೊಟ್ಟಿತು. ನಾನು ಅತ್ತುಬಿಟ್ಟೆ, ಯಾಕೆ ಮುಚ್ಚಿಡಲಿ.

ಸುಗ್ಗಿ ಮುಗಿದ ಮೇಲೆ ಗೌಡರ ನೇಗಿಲು ಆ ಕಲ್ಲಿನ ಹತ್ತಿರ ಬಂದು ಹಿಂದಕ್ಕೆ ಹೊರಳಿತು. ಮನಸ್ಸಿನಿಂದಲೋ, ಮಂದಿಗೆ ಅಂಜಿಯೋ, ನನಗೇನಂತೆ! ಹುಲ್ಲು ಬಂತು, ಆಡು ಉಳಿದವು.

ಟ್ರಸ್ಟಿನ ಹಿರಿಯರೂ ದಾರಿಗೆ ಬಂದರು. ಆಮೇಲೆ ಯಾವ ಊರಿಗೇ ಆಗಲಿ, ಹಣಕ್ಕಿಂತ ಮೊದಲು ಬಾಯಾರು ಹೋಗುವರು, ಊರವರನ್ನು ಕೂಡಿಸಿ ಎಲ್ಲೆ ನಡೆಸುವರು. ಮುದ್ದೇಬಿಹಾಳ, ಸಿಂದಗಿ, ಇಂಡಿ, ಎಲ್ಲ ತಿರುಗಿದೆವು. ಎಲ್ಲ ಕಡೆ ಗೆದ್ದೆವೆಂದಲ್ಲ. ಝಳಕಿ ಹತ್ತಿರದ ಒಂದು ಹಳ್ಳಿಯವರು, ಕೆರೆಯ ಎಲ್ಲೆ ನಡೆಸಲು ಹೋದ ನಮ್ಮನ್ನು ಬೈದು ಓಡಿಸಿದರು. ನಾನು ಸಿಟ್ಟಿಗೆದ್ದು ಕುದಿಯುತ್ತಿದ್ದರೆ ಬಾಯಾರು ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುತ್ತ, "ಊರೇನು ಓಡಿ ಹೋಗತೈತೇನ? ನಾಳೆ ಮತ್ತ ಬರೂಣಂತ" ಎಂದರು. ಮತ್ತೆ ಮತ್ತೆ ಹೋದೆವು. ಆ ಊರಿನ ಕೆರೆ ಈಗಲೂ ಐತಿ.

ಕೆಲವು ವರ್ಷಗಳ ಮೇಲೆ ಬಾಯಾರು ಜಡ್ಡಾಗಿ ತೀರಿಕೊಂಡರು. ಬಾಗೇವಾಡಿ ಸಂತೆ ದಾಟಿ ಎಂದೂ ಹೋಗದ ಅವ್ವ ನನಗಿಂತ ಮೊದಲು ವಿಜಾಪುರದ ಬಸ್ಸು ಹತ್ತಿದಳು. ಬಾಗಿಲಲ್ಲಿ ನಿಂತಿದ್ದ ಅವರ ಸಂಬಂಧಿಕರೊಬ್ಬರು, ಗುರುತು ಸಿಗದೆ, "ನೀವು ಅವ್ರಿಗೆ ಏನಾಗಬೇಕ್ರಿ?" ಎಂದು ಕೇಳಿದರು.

ಅವ್ವ ತಡವರಿಸಲಿಲ್ಲ. "ನಮ್ಮದೂ ಅವ್ರದೂ ಒಂದ ಹೊಲ್ರಿ" ಎಂದು ಒಳಗೆ ಹೋದಳು.