ಚಿಗವ್ವನ ಗಾಯದೊಳಗಿನ ಹಾದಿ

ಮೊನ್ನೆ ಬೀದರಿನ ಔಷಧಿ ಅಂಗಡಿಯಲ್ಲಿ ಸ್ಪಿರಿಟ್ಟಿನ ಶೀಷೆಯೊಂದು ಬಿದ್ದು ಒಡೆಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಔರಾದಿನ ಚಿಗವ್ವನ ಹಿಮ್ಮಡಿ ನೆನಪಾಯಿತು. ಹಿಮ್ಮಡಿಯನ್ನು ನೆನೆಯುವವರೂ ಉಂಟೇ ಎಂದು ನಗಬೇಡಿ. ಆ ಹಿಮ್ಮಡಿಗಾಗಿ ನಾವೆಲ್ಲ ಹರಕೆ ಹೊತ್ತಿದ್ದೆವು.

ಚಿಗವ್ವ ನನ್ನ ತಾಯಿಯ ತಂಗಿ. ತಿಕ್ಕುವುದೇ ಆಕೆಯ ಧರ್ಮ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ ಆಕೆಯ ತಾಮ್ರದ ಕೊಡದಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದಿತ್ತು. ಚಿಕ್ಕಂದಿನಲ್ಲಿ ರಜೆಗೆ ಹೋದ ನಮ್ಮ ಬೆನ್ನುಗಳಿಗೂ ಕೊಡದ ಪಾಡೇ. ಕೊಯ್ದ ತೊಗರಿಯ ಕೂಳೆ ಹಿಮ್ಮಡಿಗೆ ಚುಚ್ಚಿದಾಗ ಗಾಯವನ್ನಾದರೂ ಬಿಟ್ಟಾಳೇ? ಬೆಳಗಾದರೆ ಬಿಸಿನೀರು, ಒರಟು ಅರಿವೆ. ಮೇಲೆ ಕಟ್ಟಿದ ತೆಳುಪೊರೆ ಹೋಗಿ ರಕ್ತ ಕಾಣುವವರೆಗೂ ತಿಕ್ಕಾಟ. ಸಕ್ಕರೆ ಕಾಯಿಲೆ ಬೇರೆ. ಗಾಯ ಕೀವಾಗಿ ಕಾಲು ಬಾತಿತು. ಕಾಲು ಉಳಿಯುವುದೋ ಇಲ್ಲವೋ ಹೇಳಲಾಗದು ಎಂದರು ಬೀದರಿನ ಡಾಕ್ಟರಮ್ಮ.

“ದಿನಾ ಯಾಕ ತಿಕ್ಕತೀರಿ ಅವ್ವಾರ?”

“ಹೊಲಸು ಇಟ್ಕೊಂಡು ಹ್ಯಾಂಗ ಕುಂದರ್ಲಿರಿ?” ಎಂದಳು ಚಿಗವ್ವ.

“ಕೀವು ನಾವು ತೆಗೀತೇವ್ರಿ. ಆ ತೆಳು ಪೊರಿ ಹೊಲಸಲ್ರಿ, ಅದು ಹಾದಿ ಅದ.”

ಹೀಗೆಂದು ಅವರು ಮೊಬೈಲಿನಲ್ಲಿ ಸೂಕ್ಷ್ಮದರ್ಶಕದ ವಿಡಿಯೊ ತೋರಿಸಿ ವಿವರಿಸಿದರು. ಜೊತೆಗೆ ಹೋಗಿದ್ದ, ಭಾಲ್ಕಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನೂ ಕತ್ತು ಚಾಚಿದೆ. ಬಿಳಿ ರಕ್ತಕಣಗಳು ಸೈನಿಕರು ಎಂದು ವರ್ಷವರ್ಷವೂ ಗಂಟಲು ಹರಿದುಕೊಂಡ ಈ ಮಹಾಶಯ, ಸೈನಿಕರು ಯಾವ ದಾರಿ ಹಿಡಿದು ಹೋಗುತ್ತಾರೆಂದು ಯೋಚಿಸಿಯೇ ಇರಲಿಲ್ಲ. ರಕ್ತದಲ್ಲಿ ತೇಲಿ ಬಂದ ಕಣ, ನಾಳ ದಾಟಿದ ಮೇಲೆ ತೆವಳಬೇಕು. ಜೀವಕೋಶಗಳ ನಡುವೆಲ್ಲ ಪ್ರೋಟೀನಿನ ಎಳೆಗಳ ಬಲೆ. ಗಾಯವಾದಲ್ಲಿ ಫೈಬ್ರಿನ್ ಎಂಬ ಹೊಸ ಎಳೆ. ಕಣ ಮೈಯ ಒಂದು ತುದಿ ಚಾಚಿ ಎಳೆಯನ್ನು ಹಿಡಿಯುತ್ತದೆ, ತನ್ನನ್ನು ತಾನೇ ಎಳೆದುಕೊಳ್ಳುತ್ತದೆ, ಹಿಂದಿನ ಹಿಡಿತ ಬಿಡುತ್ತದೆ. ಅಂಟು ಕಡಿಮೆಯಾದರೆ ಜಾರುತ್ತದೆ, ಹೆಚ್ಚಾದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಾವು ಉಣ್ಣುವಾಗ, ಜಗಳಾಡುವಾಗ, ಗೊರಕೆ ಹೊಡೆಯುವಾಗಲೂ ಒಳಗೆ ಈ ನಡಿಗೆ ನಡೆದೇ ಇರುತ್ತದೆಂದು ತಿಳಿದು ನನ್ನ ಮೈ ಜುಮ್ಮೆಂದಿತು.

ಚಿಗವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ಕೂಸು ಗ್ವಾಡಿ ಹಿಡ್ಕೊಂಡು ನಡದಂಗ ನಡೀತಾವಲ್ಲ ತಮ್ಮಾ. ನಾ ಆ ಗ್ವಾಡಿನೇ ದಿನಾ ಕೆಡವೀನಿ.”

ಅಂದಿನಿಂದ ಮದ್ದು, ಪಟ್ಟಿ ಎಲ್ಲ ಡಾಕ್ಟರಮ್ಮನ ಕೈಗೆ. ಚಿಗವ್ವನ ಪಾಲಿಗೆ ಬಂದದ್ದು ಸುಮ್ಮನೆ ಕೂರುವುದು. ಆಕೆಗೆ ಅದಕ್ಕಿಂತ ದೊಡ್ಡ ತಪಸ್ಸಿಲ್ಲ. ಕೆಂಪು ಮಾಂಸ ನಿಧಾನವಾಗಿ ತುಂಬಿ ಬಂತು. ಕಾಲು ಉಳಿಯಿತು.

ಮೊನ್ನೆ ಅಂಗಡಿಯಿಂದ ನೇರ ಔರಾದಿನ ಬಸ್ಸು ಹತ್ತಿದೆ. ಚಿಗವ್ವ ಬಾಗಿಲಿಗೆ ತಾನೇ ನಡೆದು ಬಂದಳು. ಈಳಿಗೆ ತಾಗಿ ಬೆರಳು ಸ್ವಲ್ಪ ಕೊಯ್ದಿತ್ತು. ಮೇಲೆ ತೆಳುಪೊರೆ ಕಟ್ಟಿತ್ತು. ನೋಡೋಣವೆಂದು ಕೈ ಚಾಚಿದೆ.

“ಮುಟ್ಟಬ್ಯಾಡ ತಮ್ಮಾ,” ಎಂದಳು ಮೆಲ್ಲಗೆ. “ಒಳಗ ನಡೀಲಾಕತ್ತಾರ.”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.