ಹುಳದ ಮನೆಯ ಕಿಟಕಿ

ಹೋದ ತಿಂಗಳು ಮಗಳ ಕಾಲೇಜಿಗೆ ಹೋಗಿದ್ದೆ. ಪ್ರಯೋಗಾಲಯದ ಬಾಗಿಲು ದಾಟುವಾಗ ಫಾರ್ಮಲಿನ್ ವಾಸನೆ ಮೂಗಿಗೆ ಬಡಿಯಿತು. ಮಗಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಓಡಿದಳು. ನಾನು ಕಣ್ಣು ಉರಿಯುತ್ತಿದ್ದರೂ ಅಲ್ಲೇ ನಿಂತೆ. ಪ್ರತಿ ಬೆಳೆಗೂ ಮುಂಚೆ ಹುಳದ ಮನೆಯನ್ನು ಅದೇ ಔಷಧಿಯಿಂದ ತೊಳೆಯುತ್ತಿದ್ದ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು...

ಅದು ಎಂಬತ್ತರ ದಶಕದ ಕೊನೆ. ಶಿಡ್ಲಘಟ್ಟದ ಅಂಚಿನಲ್ಲಿ ನಮ್ಮ ಮನೆ, ಅವರ ಮನೆ ಗೋಡೆಗೆ ಗೋಡೆ. ನಮ್ಮದು ಉರ್ದು ಮಾತಾಡುವ ಮನೆ, ಅವರದು ಅರ್ಧ ಕನ್ನಡ, ಅರ್ಧ ತೆಲುಗು. ಅವರು ರೇಷ್ಮೆ ಹುಳ ಸಾಕುವವರು, ನಮ್ಮ ಅಬ್ಬ ಗೂಡು ಬೇಯಿಸಿ ನೂಲು ತೆಗೆಯುವವರು. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ತಲೆಯೆತ್ತಿ ಸುಮ್ಮನಿದ್ದಾಗ, ದೊಡ್ಡಮ್ಮನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಕೊನೆಗೆ ತಮ್ಮ ಬಿಸಿನೀರಿಗೇ ಬರುವ ಹುಳಕ್ಕೆ ಇಷ್ಟು ಉಪಚಾರವೇ ಎಂದು ಅಬ್ಬ ರೇಗಿಸುತ್ತಿದ್ದರು. ದೊಡ್ಡಮ್ಮ ನಗುತ್ತಿರಲಿಲ್ಲ.

“ನಿಮ್ಮ ಹತ್ರ ಬರೋ ಹೊತ್ತಿಗೆ ಅವು ತಮ್ಮ ಕೆಲ್ಸ ಮುಗಿಸಿರ್ತಾವಣ್ಣ. ಅಲ್ಲೀವರೆಗೂ ಅವುಗಳ ಜೀವ ನನ್ನ ಜವಾಬ್ದಾರಿ.”

ಆ ವರ್ಷ ಶಿವರಾತ್ರಿಗೆಲ್ಲ ಬಿಸಿಲು ನೆತ್ತಿ ಸುಡತೊಡಗಿತು. ತೋಟದ ಹಿಪ್ಪುನೇರಳೆ ಮಧ್ಯಾಹ್ನದೊಳಗೇ ಬಾಡುತ್ತಿತ್ತು. ಚಿಗುರೆಲ್ಲ ಮುದುಡಿ, ಸಂದಿಯಲ್ಲಿ ಹಿಟ್ಟು ಮೆತ್ತಿದಂತೆ ಬಿಳಿ ತಿಗಣೆ. ಪಕ್ಕದ ಟೊಮೇಟೊ ತೋಟದವರು ಔಷಧಿ ಹೊಡೆದು ಕೈ ತೊಳೆದುಕೊಂಡರು. ದೊಡ್ಡಮ್ಮ ಹೊಡೆಯುವ ಹಾಗಿರಲಿಲ್ಲ. ಸೊಪ್ಪಿನ ತಿಗಣೆ ಕೊಂದ ವಿಷ, ಅದೇ ಸೊಪ್ಪು ತಿನ್ನುವ ಹುಳವನ್ನು ಬಿಟ್ಟೀತೇ? ಕೆಟ್ಟ ಚಿಗುರನ್ನು ಕೈಯಲ್ಲೇ ಚಿವುಟಿ ಸುಡುತ್ತಾ, ಇಂಥ ಬಿಸಿಲು ಈ ಹೊತ್ತಿನಲ್ಲಿ ಯಾವತ್ತೂ ಇರಲಿಲ್ಲ ಎಂದು ಗೊಣಗುತ್ತಿದ್ದರು.

ಅದಕ್ಕಿಂತ ದೊಡ್ಡ ಹೆದರಿಕೆ ಊಜಿ ನೊಣದ್ದು. ಕೆಲವೇ ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದಿದ್ದ ಈ ನೊಣ ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳವನ್ನು ಒಳಗೊಳಗೇ ತಿಂದು, ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಅದಕ್ಕೆಂದೇ ದೊಡ್ಡಮ್ಮ ಹಳೆ ಸೀರೆಗಳನ್ನು ಮಡಚಿ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ನೊಣ ಬರುತ್ತಿರಲಿಲ್ಲ, ಗಾಳಿಯೂ ಬರುತ್ತಿರಲಿಲ್ಲ.

ನಾಲ್ಕನೇ, ಅಂದರೆ ಕೊನೆಯ ಜ್ವರದಿಂದ ಎದ್ದ ಹುಳ ಗೂಡು ಕಟ್ಟುವವರೆಗೂ ಹಗಲೂ ರಾತ್ರಿ ಮೇಯಬೇಕು. ಆ ಮಧ್ಯಾಹ್ನ ನಾನು ಒಳಗೆ ಹೋದಾಗ ಹುಳದ ತಟ್ಟೆಗಳಲ್ಲಿ ಮೇಯುವ ಸದ್ದೇ ಇರಲಿಲ್ಲ. ಹಾಕಿದ ಸೊಪ್ಪು ಹಾಗೇ ಒಣಗುತ್ತಿತ್ತು. ಹೆಂಚಿನಿಂದ ಕಾವು ಇಳಿದು ನನಗೇ ಉಸಿರು ಕಟ್ಟಿತು. ದೊಡ್ಡಮ್ಮ ಕಿಟಕಿಯ ಬಳಿ ಮೊಳೆ ಕೀಳುವ ಇಕ್ಕಳ ಹಿಡಿದು ನಿಂತಿದ್ದರು.

“ನೀನಾದ್ರೂ ಹೇಳಮ್ಮ. ತೆಗೀಲಾ, ಹಿಂಗೇ ಬಿಡ್ಲಾ?”

ನಾನಾಗ ಪಿಯುಸಿ ಹುಡುಗಿ. ಏನು ಹೇಳಲಿ? ಕೊನೆಗೆ ಅವರೇ ಸೀರೆ ಕಿತ್ತರು. ಗಾಳಿ ಬಂತು, ನಿಧಾನವಾಗಿ ಹುಳ ಮೇಯತೊಡಗಿದವು. ಅಂದಿನಿಂದ ಹಗಲೆಲ್ಲ ದೊಡ್ಡಮ್ಮ ಊಟ ಬಿಟ್ಟು, ಬೇವಿನ ಸೊಪ್ಪು ಬೀಸುತ್ತಾ ಕಿಟಕಿಯಲ್ಲೇ ಕೂತರು. ಆದರೆ ಎಷ್ಟು ನೊಣ ಅಂತ ಓಡಿಸಿಯಾರು... ಹುಳದ ಬೆನ್ನಿನ ಮೇಲೆ ನೊಣ ಮೊಟ್ಟೆಯಿಟ್ಟ ಗುರುತಿನ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಆದರೂ ಬಹಳಷ್ಟು ಹುಳ ಗೂಡು ಕಟ್ಟಿದವು. ಅಬ್ಬ ಆ ಗೂಡುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಒಂದೊಂದರಲ್ಲೂ ತೂತು.

“ಇದರಲ್ಲಿ ಎಳೆ ನಿಲ್ಲಲ್ಲ ಅಕ್ಕಾ,” ಎಂದರು. ಆ ದಿನ ಅವರು ರೇಗಿಸಲಿಲ್ಲ.

ಮರುವರ್ಷ ಬಿಸಿಲು ಇನ್ನೂ ಜೋರಾಗಿತ್ತು. ದೊಡ್ಡಮ್ಮ ಈ ಸಲ ಕಿಟಕಿಗೆ ಮತ್ತೆ ಹೊಡೆದಿದ್ದ ಸೀರೆ ಕೀಳಲಿಲ್ಲ. ತಂಪಿಗೆಂದು ಒದ್ದೆ ಗೋಣಿಚೀಲ ಇಳಿಬಿಟ್ಟು ಕಾದರು. ಆ ಕಾವು, ಆ ತೇವಕ್ಕೆ ಹುಳ ಮೆತ್ತಗಾಗಿ ತಟ್ಟೆಯಲ್ಲೇ ಕೊಳೆತವು. ಅವುಗಳನ್ನು ಗುಂಡಿ ತೋಡಿ ಮುಚ್ಚಿ ಬಂದರು. ಮಳೆಗಾಲಕ್ಕೆ ಮೊದಲೇ ಹಿಪ್ಪುನೇರಳೆ ಗಿಡಗಳನ್ನು ಬೇರುಸಹಿತ ಕೀಳಿಸಿದರು.

ಮದುವೆಯಾಗಿ ಚಿಂತಾಮಣಿಗೆ ಹೋದ ನಾನು ತೊಂಬತ್ತರ ದಶಕದಲ್ಲಿ ಒಮ್ಮೆ ತವರಿಗೆ ಬಂದಾಗ ಅವರನ್ನು ನೋಡಿದೆ. ಖಾಲಿ ಹುಳದ ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಬಿಸಿಲು ಬಹಳ ಅಲ್ಲವೇ ದೊಡ್ಡಮ್ಮ ಎಂದೆ.

“ಎಷ್ಟಾದ್ರೂ ಹೊಡೀಲಿ ಕಣಮ್ಮ. ಸಾಯೋಕೆ ನಮ್ಮನೇಲಿ ಈಗ ಏನೂ ಇಲ್ಲ.”

ನಗುತ್ತಲೇ ಹೇಳಿದರು. ನನಗೆ ಭಯವಾಯಿತು.

ಈಗ ದೊಡ್ಡಮ್ಮ ಇಲ್ಲ, ಅಬ್ಬನೂ ಇಲ್ಲ. ಹವಾಮಾನ ಬದಲಾಗಿದೆ, ಕೀಟ ಹೆಚ್ಚಿವೆ ಎಂದು ಟೀವಿಯವರು ದಿನಾ ಹೇಳುತ್ತಾರೆ. ಈಗ ಹುಳ ಸಾಕುವವರಿಗೆ ನೊಣ ತಡೆದು ಗಾಳಿ ಬಿಡುವ ಒಳ್ಳೆಯ ಬಲೆಗಳು ಸಿಗುತ್ತವೆ, ಆದರೆ ಬಿಸಿಲು ಏರುತ್ತಲೇ ಇದೆ. ಮಧ್ಯಾಹ್ನ ಮನೆಯ ಕಿಟಕಿಗೆ ಕೈ ಹಾಕಿದಾಗಲೆಲ್ಲ, ತೆಗೀಲಾ, ಬಿಡ್ಲಾ ಎಂದು ದೊಡ್ಡಮ್ಮನ ಹಾಗೆ ನನ್ನನ್ನೇ ಕೇಳಿಕೊಳ್ಳುತ್ತೇನೆ...